ಮೇಲಿನ ಮಡಿಕೆ

“ಕೈ ಚಾಚ್ರೇ. ಹೇಲು ತೊಳ್ದ ಕೈಯಲ್ಲೇ ಮುಸುಡಿ ಒರೆಸ್ಕೊಳ್ಳೋ ದರಿದ್ರದವ್ರು. ನಿಮ್ಮಿಂದ ಇಡೀ ಆಸ್ಪತ್ರೆ ಮರ್ಯಾದೆ ಹೋಯ್ತು.”

ಮೇಸ್ತ್ರಿ ಪೆನ್ಸಿಲಿನ ತುದಿಯಿಂದ ನಮ್ಮ ಉಗುರುಗಳನ್ನು ಎತ್ತಿ ಎತ್ತಿ ನೋಡುತ್ತಿದ್ದ. ಬೆರಳಿನಿಂದ ಮುಟ್ಟಲು ಅವನಿಗೆ ಹೇಸಿಗೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ ನಾವು ಒಂಬತ್ತು ಹೆಂಗಸರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆವು. ಪಕ್ಕದಲ್ಲೇ ವಾರ್ಡುಗಳಿಂದ ಇಳಿದ ಬಟ್ಟೆಯ ಗುಡ್ಡೆ, ಅದರಲ್ಲಿ ಕೀವು, ರಕ್ತ, ಉಚ್ಚೆ, ವಾಂತಿ ಎಲ್ಲವೂ. ಆ ಗುಡ್ಡೆಯನ್ನು ದಾಟಿ ಬರುವಾಗ ಮೂಗು ಮುಚ್ಚದವನು ನಮ್ಮ ಮುಂದೆ ನಿಂತಾಗ ಕರವಸ್ತ್ರ ತೆಗೆದ.

ಅವನ ಜೊತೆ ಒಬ್ಬಳು ಡಾಕ್ಟರಮ್ಮ ಬಂದಿದ್ದಳು. ಇವಳು ರೋಗಿಗಳಿಗೆ ಮದ್ದು ಕೊಡುವವಳಲ್ಲ, ರೋಗಿಗಳನ್ನು ಎಣಿಸುವವಳು. ಯಾವ ರೋಗ ಎಷ್ಟು ಜನಕ್ಕೆ ಬಂತು, ಎಲ್ಲಿಂದ ಬಂತು ಎಂದು ಪತ್ತೆ ಹಚ್ಚಿ ಬರೆಯುವುದು ಅವಳ ಕೆಲಸ. ಸ್ಪೆಷಲ್ ರೂಮುಗಳಲ್ಲಿ ಮಲಗಿದ್ದ ಮೂವರ ಗಾಯಗಳು ಒಂದೇ ತಿಂಗಳಲ್ಲಿ ಬೂಷ್ಟು ಹಿಡಿದು ಕಪ್ಪಾಗಿ, ಇಬ್ಬರು ಸತ್ತಿದ್ದರು. ಹಳಸಿದ ಬ್ರೆಡ್ಡಿನ ಮೇಲೆ ಕಾಣುವಂಥ ಬೂಷ್ಟೇ, ಮನುಷ್ಯನ ಮಾಂಸದೊಳಗೆ ಬೇರು ಬಿಟ್ಟಿತ್ತು. ದುಡ್ಡಿರುವವರ ಮೈ ಕೊಳೆತದ್ದರಿಂದ ತನಿಖೆ ಬಂತು. ಅದಕ್ಕೂ ಮುಂಚೆ ಜನರಲ್ ವಾರ್ಡಿನಲ್ಲಿ ಏಳು ಜನ ಹಾಗೆಯೇ ಕೊಳೆತು ಹೋಗಿದ್ದರು. ಏಳನೆಯವನು ನನ್ನ ತಮ್ಮ.

ಡಾಕ್ಟರಮ್ಮ ನಮ್ಮ ಅಂಗೈಗಳನ್ನು ಒಂದೊಂದು ಗಾಜಿನ ಬಿಲ್ಲೆಗೆ ಒತ್ತಿಸಿಕೊಂಡಳು. ಹತ್ತಿ ಸುತ್ತಿದ ಕಡ್ಡಿಯನ್ನು ಉಗುರಿನ ಸಂದಿಗೆ ತೂರಿಸಿದಳು. ಬಟ್ಟೆಗೂ ಕಡ್ಡಿ ಒರೆಸಿದಳು, ಇಲ್ಲ ಅನ್ನುವುದಿಲ್ಲ. ಆದರೆ ಮೇಸ್ತ್ರಿ ಅವಳ ಮುಂದಿಟ್ಟದ್ದು ಅವತ್ತೇ ಕಟ್ಟು ಬಿಚ್ಚಿದ ಹೊಸ ಹೊದಿಕೆಗಳನ್ನು. ಒಗೆದ ಬಟ್ಟೆ ಒಟ್ಟುವ ಗೋದಾಮಿನ ಬೀಗದ ಕೈ ಕಳೆದುಹೋಗಿದೆ ಎಂದ. ಬೀಗದ ಕೈ ಅವನ ಸೊಂಟದಲ್ಲೇ ಜೋತಾಡುತ್ತಿತ್ತು.

ಮೈಲಿಗೆ ಬಟ್ಟೆಯನ್ನು ಆರಿಸಿ ವಿಂಗಡಿಸುವ ಕೆಮ್ಮಜ್ಜಿಗೆ ತಡೆಯಲಾಗಲಿಲ್ಲ. ಹೆಸರಿಗೆ ತಕ್ಕ ಹಾಗೆ ಮೊದಲು ಒಂದಷ್ಟು ಕೆಮ್ಮಿದಳು.

“ಮೂರಲ್ಲ ಮೇಡಂ, ಹತ್ತು. ಜನರಲ್ ವಾರ್ಡಿನ ಏಳು ಜನದ ಬಟ್ಟೆ ನಾನೇ ಆರ್ಸಿದ್ದು. ಕೀವಿನ ಕಲೆ ಹಳದಿ ಇರ್ತದೆ, ರಕ್ತದ್ದು ಕಂದು. ಇದು ಮಸಿ ಥರ, ಮೇಲೆ ಬೂದಿ ಬಣ್ಣದ ನವಿರು.”

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಆ ಏಳು ಜನರ ಗಾಯದ ಮಾಂಸವನ್ನು ಪರೀಕ್ಷೆಗೆ ಕಳಿಸಿದ್ದರಾ ಎಂದು ಕೇಳಿದಳು. ಇಲ್ಲ ಎಂದು ಮೇಸ್ತ್ರಿಯೇ ಹೇಳಿದ.

“ಪರೀಕ್ಷೆ ಆಗ್ದೆ ಇದ್ರೆ ಲೆಕ್ಕಕ್ಕೆ ತಗೊಳ್ಳೋಕೆ ಬರಲ್ಲಮ್ಮ,” ಎಂದಳು. ದನಿ ಮೆತ್ತಗೇ ಇತ್ತು.

ಯಾಕೆ ಪರೀಕ್ಷೆ ಮಾಡಲಿಲ್ಲ ಎಂದು ನಾನು ಕೇಳಿದೆ. ಬಾಯಿ ಮುಚ್ಚೇ ರಂಡೆ ಎಂದ ಮೇಸ್ತ್ರಿ. ಡಾಕ್ಟರಮ್ಮ ತಾನು ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು.

ಬೀಗದ ಹಿಂದೆ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಬಟ್ಟೆ ಒಣಗಿಸುವ ಯಂತ್ರ ಕೆಟ್ಟು ನಾಲ್ಕು ತಿಂಗಳಾಗಿತ್ತು. ಲಾಂಡ್ರಿಯ ಕಂತ್ರಾಟುದಾರ ರಿಪೇರಿ ಮಾಡಿಸಲಿಲ್ಲ. ತಾರಸಿಯ ಮೇಲೆ ಬಿಸಿಲು ಬೇಕಾದಷ್ಟಿತ್ತು, ಆದರೆ ವಾರ್ಡಿನ ಹೊದಿಕೆಗಳನ್ನು ಅಲ್ಲಿ ಹರವಿದರೆ ರಸ್ತೆಗೆ ಅಸಹ್ಯವಾಗಿ ಕಾಣುತ್ತದೆ ಎಂದು ಆಸ್ಪತ್ರೆ ನಡೆಸುವ ದೊಡ್ಡ ಡಾಕ್ಟರ್ ಬೇಡ ಎಂದಿದ್ದ. ಅವನ ಕುರ್ಚಿಯ ಗೌಸು, ಕೈ ಒರೆಸುವ ಟವೆಲ್ಲುಗಳು ಮಾತ್ರ ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರುತ್ತಿದ್ದವು. ವಾರ್ಡಿನದು ಹಸಿಹಸಿಯಾಗಿಯೇ ಮಡಚಬೇಕು. ಮೇಲಿನ ಮಡಿಕೆಗೆ ಮಾತ್ರ ಇಸ್ತ್ರಿ ಎಳೆಯಬೇಕು, ಮುಟ್ಟಿದವರಿಗೆ ಬೆಚ್ಚಗೆ ಗರಿಗರಿಯಾಗಿ ಇರಬೇಕು. ಆಮೇಲೆ ಕಿಟಕಿಯಿಲ್ಲದ ಗೋದಾಮಿನಲ್ಲಿ ಸೂರು ಮುಟ್ಟುವವರೆಗೆ ಒಟ್ಟಬೇಕು. ಅಲ್ಲಿನ ಗೋಡೆಗೆ ಕೈ ಇಟ್ಟರೆ ಕಪ್ಪು ಲೋಳೆ ಅಂಟಿ ಬರುತ್ತದೆ. ಬಾಗಿಲು ತೆಗೆದರೆ ಕೊಳೆತ ಬಾಯಿಯ ವಾಸನೆ. ಉಗುಳಿದರೆ ಉಗುಳೂ ಬೂದಿ ಬಣ್ಣ.

ಇಸ್ತ್ರಿ ನನ್ನ ಕೆಲಸ. ಹದಿನಾರು ವರ್ಷದಿಂದ ಮೇಲಿನ ಮಡಿಕೆಯನ್ನು ನನ್ನಷ್ಟು ನೇರವಾಗಿ ಎಳೆಯುವವರು ಇನ್ನೊಬ್ಬರಿಲ್ಲ.

ನನ್ನ ತಮ್ಮ ಲಾರಿಯಿಂದ ಸರಕು ಇಳಿಸುವಾಗ ಕಬ್ಬಿಣದ ಹಲಗೆ ಜಾರಿ ತೊಡೆಯ ಮೇಲೆ ಬಿತ್ತು. ಎಲುಬಿಗೆ ಏನೂ ಆಗಿರಲಿಲ್ಲ, ಚರ್ಮ ಸುಲಿದಿತ್ತು ಅಷ್ಟೇ. ಹತ್ತು ದಿನದಲ್ಲಿ ಮನೆಗೆ ಹೋಗಬಹುದು ಎಂದಿದ್ದರು. ಮಂಚದ ತಗಡು ಬೆನ್ನಿಗೆ ಒತ್ತುತ್ತದೆ ಅಕ್ಕ ಎಂದ. ನಾನು ಗೋದಾಮಿಗೆ ಹೋಗಿ, ಹರಿದ ತೆಳು ಹೊದಿಕೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಅತಿ ದಪ್ಪನೆಯದನ್ನು ಹುಡುಕಿ ಸೆರಗಿನಲ್ಲಿ ಮುಚ್ಚಿ ತಂದು ಹಾಸಿದೆ. ಲಾಂಡ್ರಿಯಲ್ಲಿ ಅಕ್ಕ ಇದ್ದರೆ ಇಷ್ಟು ಸುಖ ನೋಡು ಎಂದು ಅವನು ಪಕ್ಕದ ಮಂಚದವನಿಗೆ ಹೇಳಿ ನಕ್ಕ. ತೆಳು ಬಟ್ಟೆಯಾದರೆ ಹೇಗೋ ಒಣಗುತ್ತದೆ. ದಪ್ಪದ್ದು ಹೊಟ್ಟೆಯೊಳಗೆ ನೀರು ಇಟ್ಟುಕೊಂಡೇ ಇರುತ್ತದೆ. ಇದು ನನಗೆ ಗೊತ್ತಿತ್ತು. ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಆರನೆಯ ದಿನ ಗಾಯದ ಅಂಚು ಕಪ್ಪಾಯಿತು. ಒಂಬತ್ತನೆಯ ದಿನ ಪಟ್ಟಿ ಬಿಚ್ಚಿದಾಗ ಒಳಗೆ ಬೂದು ಬಣ್ಣದ ಹತ್ತಿ ಬೆಳೆದಿತ್ತು. ಮನೆಯಲ್ಲಿ ಸ್ನಾನ ಮಾಡಿಸುತ್ತಿದ್ದಿರೋ ಇಲ್ಲವೋ ಎಂದು ಅವನ ಹೆಂಡತಿಯನ್ನು ಎಲ್ಲರೆದುರು ಕೇಳಿದರು. ಹನ್ನೆರಡನೆಯ ದಿನ ಅವನು ಹೋದ. ಗಾಯ ನಂಜಾಗಿ ಸಾವು ಎಂದು ಬರೆದು ಚೀಟಿ ಕೊಟ್ಟರು. ಅವನು ಮಲಗಿದ್ದ ಹೊದಿಕೆ ಅದೇ ಸಂಜೆ ನನ್ನ ಮೇಜಿಗೆ ಬಂತು, ತೊಳೆದು, ಹಸಿಯಾಗಿ. ಬೇರೆ ಮಂಚಕ್ಕೆ ಬೇಕಿತ್ತಂತೆ. ಡಾಕ್ಟರಮ್ಮ ಎಣಿಸಲು ಬಂದ ದಿನದಿಂದ ನನಗೆ ಬೇಕಾದದ್ದು ಒಂದೇ, ಅವನನ್ನೂ ಎಣಿಸಬೇಕು. ಅವನು ಅವಳ ಪುಸ್ತಕದೊಳಗೆ ಹೋದರೆ ಗೋದಾಮಿನ ಬೀಗ ತೆಗೆಯಲೇಬೇಕಾಗುತ್ತದೆ. ವಾರ್ಡಿನಲ್ಲಿ ಇನ್ನೂ ಎಂಬತ್ತು ಜನ ಅದೇ ಬಟ್ಟೆಯ ಮೇಲೆ ಮಲಗಿದ್ದಾರೆ.

ನಮ್ಮ ಕೈ ಪರೀಕ್ಷೆಯಾದ ವಾರದ ನಂತರ ಒಂದು ಮಧ್ಯಾಹ್ನ ದೊಡ್ಡ ಡಾಕ್ಟರ್‌ನ ಕೋಣೆಗೆ ಟವೆಲ್ ತರಲು ನನಗೆ ಕರೆ ಬಂತು. ದೊಡ್ಡ ಡಾಕ್ಟರ್, ಕಂತ್ರಾಟುದಾರ, ಮೇಸ್ತ್ರಿ, ಡಾಕ್ಟರಮ್ಮ, ನಾಲ್ವರೂ ಊಟ ಮುಗಿಸುತ್ತಿದ್ದರು. ಹಾಗೆಯೇ ನನ್ನ ಹೆಬ್ಬೆಟ್ಟೂ ಬೇಕಿತ್ತು. ಎಲುಬು ಚೀಪುತ್ತಲೇ ದೊಡ್ಡ ಡಾಕ್ಟರ್ ವರದಿಯನ್ನು ನನಗೆ ಓದಿ ಹೇಳಿದ. ಶಿಲೀಂಧ್ರದ ಸೋಂಕು ತಗುಲಿದವರು ಮೂವರು. ಬಟ್ಟೆಯಲ್ಲಿ ದೋಷ ಕಂಡುಬಂದಿಲ್ಲ. ಲಾಂಡ್ರಿ ಹೆಂಗಸರ ಕೈಗಳಲ್ಲಿ ಶಿಲೀಂಧ್ರ ಕಂಡುಬಂದಿದೆ. ಬೂಷ್ಟು ಹಿಡಿದ ಬಟ್ಟೆಯನ್ನು ದಿನವಿಡೀ ಮಡಚುವ ಕೈಯಲ್ಲಿ ಇನ್ನೇನು ಮಲ್ಲಿಗೆ ಹೂವು ಇರುತ್ತದೆಯೇ? ನಮ್ಮ ಕೊಳಕಿನಿಂದ ಹೀಗಾಯಿತು ಎಂದು ಒಂಬತ್ತು ಜನರೂ ಒಪ್ಪಿ ಹೆಬ್ಬೆಟ್ಟು ಒತ್ತಬೇಕಂತೆ. ಒತ್ತಿದರೆ ಕೆಲಸ ಉಳಿಯುತ್ತದೆ.

“ಗೋದಾಮು ನೋಡಿದ್ರಾ ಮೇಡಂ?” ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ. ಅವಳು ತಟ್ಟೆಯನ್ನು ನೋಡಿದಳು.

ದೊಡ್ಡ ಡಾಕ್ಟರ್ ಎದ್ದು ಮೂಲೆಯ ನಲ್ಲಿಯಲ್ಲಿ ಕೈ ತೊಳೆದ, ಮುಖ ತೊಳೆದ, ಬಾಯಿ ಮುಕ್ಕಳಿಸಿ ಉಗುಳಿದ. ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ಚಾಚಿದ. ಟವೆಲ್ ಅವನ ಕೈಗಿಟ್ಟೆ. ಬೆಚ್ಚಗಿತ್ತು, ಗರಿಗರಿಯಾಗಿತ್ತು. ಕೊಡವಿದ. ಒಳಗಿನ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿಕೊಳ್ಳುವಾಗ ಪಿಸಕ್ ಎಂದವು. ಬೂದಿ ಬಣ್ಣದ ಪುಡಿ ಗಾಳಿಗೆ ಎದ್ದು ಅವನ ಹಸಿ ಮೀಸೆಗೆ ಕೂತಿತು. ಕೊಳೆತ ಬಾಯಿಯ ವಾಸನೆ ಊಟದ ಮೇಜಿನವರೆಗೂ ಹೋಯಿತು.

ಅವನು ಅದನ್ನು ನೆಲಕ್ಕೆ ಎಸೆದು, ತುಟಿ ಬಿಗಿಹಿಡಿದು ನಿಂತ. ಉಸಿರಾಡಲೂ ಹೆದರಿಕೆ.

“ಯಾಕ್ ಸಾರ್, ಬಟ್ಟೇಲಿ ದೋಷ ಇಲ್ಲ ಅಂತ ಈಗ್ತಾನೆ ಓದಿದ್ರಲ್ಲ,” ಎಂದೆ. “ಬೆಳಿಗ್ಗೆ ಮೇಸ್ತ್ರಿ ತೂಕಡಿಸ್ವಾಗ ಸೊಂಟದಿಂದ ಬೀಗದ ಕೈ ಎಗರಿಸ್ಕೊಂಡು, ಗೋದಾಮಿಂದ ಆರ್ಸಿ ತಂದಿದೀನಿ. ಇರೋದ್ರಲ್ಲೇ ದಪ್ಪದ್ದು. ನನ್ ತಮ್ಮನ್ಗೂ ದಪ್ಪದ್ದೇ ಆರ್ಸಿದ್ದೆ.”

ಕಂತ್ರಾಟುದಾರ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಸೊಂಟ ತಡವಿಕೊಂಡು ಮೇಲೆದ್ದವನು, ಬಾಗಿಲು ತುಂಬ ಕೆಮ್ಮಜ್ಜಿ ಮತ್ತು ಉಳಿದ ಏಳು ಜನ ಹೆಂಗಸರು ನಿಂತದ್ದು ಕಂಡು ಹಾಗೇ ಕೂತ. ನಾನು ನೆಲದ ಟವೆಲ್ ಎತ್ತಿ ಮತ್ತೆ ದೊಡ್ಡ ಡಾಕ್ಟರ್‌ನ ಮುಖದ ಮುಂದೆ ಹಿಡಿದೆ.

“ಒಂದೋ, ನನ್ ತಮ್ಮನ್ನ ಎಣ್ಸಿ. ಇಲ್ಲ, ಒರೆಸ್ಕೊಳ್ಳಿ.”

ಅವನ ಗಲ್ಲದಿಂದ ನೀರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಡಾಕ್ಟರಮ್ಮನ ಪುಸ್ತಕ ಮುಚ್ಚಿಯೇ ಇತ್ತು. ಊಟ ಮುಗಿದ ಮೂವರ ಕೈಗಳು ತಟ್ಟೆಯ ಮೇಲೆ ಹಾಗೇ ಒಣಗುತ್ತಿದ್ದವು. ನನ್ನ ತೋಳಿನ ಮೇಲೆ ಇನ್ನೂ ಮೂರು ಟವೆಲ್ಲುಗಳಿದ್ದವು, ಮೇಲಿನ ಮಡಿಕೆಗೆ ನೇರವಾಗಿ ಇಸ್ತ್ರಿ ಎಳೆದು ತಂದಿದ್ದೆ.