ದರ್ಜಿಯ ನಾಳೆ

ಕರಾರಿನಲ್ಲಿ ತಾರೀಖು ಬರೆಯದಿದ್ದರೆ ಕೆಲಸವನ್ನು 'ಯುಕ್ತ ಕಾಲ'ದೊಳಗೆ ಮುಗಿಸಬೇಕು ಅನ್ನುತ್ತದೆ ಕಾನೂನು. ಈ ಯುಕ್ತ ಕಾಲ ಅಂದರೆ ಎಷ್ಟು ಎಂಬುದರ ಮೇಲೆ ಅವಳು ಪಿಎಚ್.ಡಿ. ಮಾಡಲು ಹೊರಟು ಆರು ವರ್ಷವಾಗಿತ್ತು. ಕೊನೆಯ ಅಧ್ಯಾಯ ಮಾತ್ರ ಮುಗಿಯಲೊಲ್ಲದು. ಈ ತಿಂಗಳೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂದು ಮಾರ್ಗದರ್ಶಕರು ಕಡ್ಡಿ ಮುರಿದಂತೆ ಹೇಳಿದ್ದರು.

ವಿಷಯವೇನೋ ಮನೆಯಲ್ಲೇ ಸಿಕ್ಕಿದ್ದು. ಅಪ್ಪ ದರ್ಜಿ. ಮೂವತ್ತು ವರ್ಷದಿಂದ ಗಿರಾಕಿಗಳಿಗೆಲ್ಲ "ನಾಳೆ ಬನ್ನಿ" ಅನ್ನುತ್ತ ಬಂದ ಪುಣ್ಯಾತ್ಮ. ಒಬ್ಬ ಮದುಮಗ ಹಳೇ ಅಂಗಿಯಲ್ಲೇ ಮದುವೆಯಾಗಿದ್ದು ಇವನ ಕೃಪೆಯಿಂದ. ಅಂಥ ಅಪ್ಪ ಮಗಳ ಮೌಖಿಕ ಪರೀಕ್ಷೆಗೆಂದು ಕಪ್ಪು ಬಟ್ಟೆ ತಂದು, ಕೋಟಿಗೆ ಅಳತೆ ತೆಗೆದುಕೊಂಡಿದ್ದ. ಆವತ್ತಿನಿಂದ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ "ಮುಗೀತಾ?" ಅನ್ನುವುದು ಅವನ ರೂಢಿ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಈಗ ಎರಡು ತಿಂಗಳಿಂದ ಅಪ್ಪ ಕೇಳುವುದನ್ನು ಬಿಟ್ಟಿದ್ದ. ಪೀಡೆ ತೊಲಗಿತೆಂದು ಅವಳು ಹಾಯಾಗಿದ್ದಳು.

ಮಂಗಳವಾರ ತಾನು ಕಲಿಸುವ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುತ್ತ, "ಯುಕ್ತ ಕಾಲ ಮೀರಿತು ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದಳು. ಕೊನೆಯ ಬೆಂಚಿನ ಹುಡುಗಿ ಆಕಳಿಸುತ್ತಲೇ ಎದ್ದಳು.

"ಕಾಯ್ತಿರೋರು ಕೇಳೋದು ಬಿಟ್ಟಾಗ, ಮೇಡಂ."

ತರಗತಿ ಗೊಳ್ಳೆಂದು ನಕ್ಕಿತು. ಅವಳಿಗೆ ಅಪ್ಪ ನೆನಪಾದ. ಆರು ವರ್ಷ ಹುಡುಕಿದ ಉತ್ತರ ಆಕಳಿಕೆಯ ನಡುವೆ ಸಿಕ್ಕಿತ್ತು, ಆದರೆ ಖುಷಿಪಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅಪ್ಪ ತನ್ನ ಮೇಲಿನ ಆಸೆಯನ್ನೇ ಬಿಟ್ಟುಬಿಟ್ಟನೇ?

ಸಂಜೆ ನೆಟ್ಟಗೆ ಅಂಗಡಿಗೆ ಹೋದಳು. ಅಪ್ಪ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ.

"ಅಪ್ಪಾ, ಈಗೀಗ ಯಾಕೆ ಕೇಳೋದೇ ಇಲ್ಲ ನೀನು?"

"ಏನನ್ನ?"

"ಮುಗೀತಾ ಅಂತ."

ಅಪ್ಪ ಹಲ್ಲಲ್ಲಿ ದಾರ ಕಡಿದ. "ಅಯ್ಯೋ ಪೆದ್ದಿ, ನಿಂದೇ ಮೊದಲು ಮುಗಿದ್ಬಿಟ್ಟಿದ್ರೆ ನನ್ನ ಮರ್ಯಾದೆ ಏನಾಗ್ಬೇಕಿತ್ತು? ಕೋಟು ಆಗಿರ್ಲಿಲ್ಲ, ಆ ಭಯಕ್ಕೆ ಕೇಳ್ತಿದ್ದೆ. ಈಗ ಆಯ್ತಲ್ಲ."

ಗೋಡೆಯ ಮೊಳೆಯಲ್ಲಿ ಕಪ್ಪು ಕೋಟು ನೇತಾಡುತ್ತಿತ್ತು. ತೋಳಿಗೆ ಸಿಕ್ಕಿಸಿದ ಚೀಟಿಯಲ್ಲಿ, ಗಿರಾಕಿಯ ಹೆಸರಿರಬೇಕಾದ ಜಾಗದಲ್ಲಿ, 'ಡಾಕ್ಟ್ರು' ಎಂದಿತ್ತು. ಮೂವತ್ತು ವರ್ಷದಲ್ಲಿ ಅಪ್ಪ ಹೊತ್ತಿಗೆ ಮುಂಚೆ ಹೊಲಿದು ಮುಗಿಸಿದ ಬಟ್ಟೆ ಅದೊಂದೇ.

"ಹಾಕ್ಕೊಂಡು ನೋಡು."

"ಪ್ರಬಂಧ ಒಪ್ಪಿಸಿ ಬಂದು ಹಾಕ್ಕೋತೀನಿ ಅಪ್ಪಾ. ನಾಳೆ."

ಅಪ್ಪ ಕನ್ನಡಕದ ಮೇಲಿಂದ ನೋಡಿದ. "ನಾಳೆ ಅನ್ನೋದು ನನ್ನ ಮಾತು. ಗಿರಾಕಿಗಳು ಅದನ್ನ ಆಡಬಾರ್ದು." ಸ್ಟೂಲೊಂದನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಎಳೆದ. "ಇಲ್ಲೇ ಕೂತ್ಕೊಂಡು ಮುಗಿಸು."

ಅವಳು ಕೂತು, ಲ್ಯಾಪ್‌ಟಾಪ್ ತೆರೆದು, ಕೊನೆಯ ಬೆಂಚಿನ ಹುಡುಗಿಯ ಮಾತನ್ನು ಮೊದಲು ಬರೆದುಕೊಂಡಳು. ಮುಂದಿನ ಸಾಲಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಕತ್ತು ಚಾಚಿದ.

"ಮುಗೀತಾ?"