ಎರಡರ ಬಾಲ

"ಈ ಡಯಲ್ಲಿಗೆ ಆಮೇಲೆ ಯಾರೋ ಬಣ್ಣ ಬಳಿದಿದ್ದಾರೆ, ಮದಾಮ್ ಕಾಲಾಮ್," ಎಂದೆ, ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ.

"ಏನಂದೆ? ನನ್ನ ಗಂಡ ಐವತ್ತು ವರ್ಷ ಕಟ್ಕೊಂಡಿದ್ದ ವಾಚು ಕಣೇ ಅದು! ಯಾರ ಕೈಗೂ ಕೊಟ್ಟೋನಲ್ಲ."

"ಗಂಡಂದಿರು ಎಲ್ಲಾನೂ ಹೇಳ್ತಾರಾ?"

ಮುದುಕಿಯ ಮುಖ ಕೆಂಪಗಾಯಿತು. ನನ್ನ ನಾಲಿಗೆಯೇ ಹಾಗೆ. ಆದರೆ ಈ ಡಯಲ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ? ಇದರ ಅಂಕಿಗಳ ಅಚ್ಚು ಕೊರೆದವನು ನನ್ನ ಅಪ್ಪ. ಗಡಿಯಾರಗಳ ಊರಾದ ಲಾ ಶೋ-ದ-ಫೋಂನಲ್ಲಿದ್ದ ಅವನ ಕಾರ್ಖಾನೆ ಸುಟ್ಟಾಗ ಅಚ್ಚುಗಳೂ ಸುಟ್ಟವು. ಅಪ್ಪನ ಕೈಕೆಲಸದಲ್ಲಿ ನನಗೆ ಉಳಿದದ್ದು ನನ್ನ ಮಣಿಕಟ್ಟಿನ ಮೇಲಿದ್ದ ಅವನ ವಾಚೊಂದೇ.

ಅಪ್ಪ ಸತ್ತಾಗ ಅದನ್ನು ರಿಪೇರಿ ಮಾಡಿಕೊಟ್ಟವನು ಅವನ ಗೆಳೆಯ ಗಾಸ್ತೋನ್. ಹಳೇ ವಾಚುಗಳ ಅಸಲಿ-ನಕಲಿ ಹೇಳುವ ಈ ಕಸುಬು ನನಗೆ ಕಲಿಸಿದವನೂ ಅವನೇ. "ಅಸಲಿ ಅಂದ್ರೆ ಇದು, ಸೊಲಾಂಜ್. ಇದನ್ನೇ ನೋಡಿ ನೋಡಿ ಕಣ್ಣು ಪಳಗಿಸ್ಕೋ. ಅಪ್ಪ ತಾನೇ ಕೂರಿಸಿದ ಡಯಲ್, ಯಾವತ್ತೂ ಬಿಚ್ಬೇಡ" ಎಂದಿದ್ದ. ಮೂವತ್ತು ವರ್ಷ ನಾನು ಬಿಚ್ಚಿರಲಿಲ್ಲ.

ನನ್ನ ವಾಚಿನಲ್ಲಿ ಎರಡು ಅನ್ನೋ ಅಂಕಿಯ ಬಾಲ ನೆಟ್ಟಗೆ ಮಲಗಿತ್ತು. ಮುದುಕಿಯ ವಾಚಿನಲ್ಲಿ ಅದು ತುಸು ಮೇಲಕ್ಕೆ ಕೊಂಕಿತ್ತು.

"ಬಿಚ್ಚಿ ತೋರ್ಸು. ಬರೀ ಬಾಯಿಮಾತು ನಾನು ಒಪ್ಪಲ್ಲ," ಎಂದು ಮುದುಕಿ ಪಟ್ಟು ಹಿಡಿದಳು.

ಬಿಚ್ಚಿದೆ. ನಮ್ಮ ಕಸುಬಿನಲ್ಲಿ ಡಯಲ್‌ಗೆ ಮತ್ತೆ ಬಣ್ಣ ಬಳಿದವನು ಅದರ ಬೆನ್ನ ಮೇಲೆ ತನ್ನ ಗುರುತು ಗೀರಬೇಕು. ಬಾಯಿ ಸುಳ್ಳು ಹೇಳಿದರೂ ಕೈ ಆ ಅಭ್ಯಾಸ ಬಿಡುವುದಿಲ್ಲ. ಮುದುಕಿಯ ಡಯಲ್‌ನ ಬೆನ್ನ ಮೇಲೆ ಒಂದು ಗೀರೂ ಇರಲಿಲ್ಲ. ಅಂದರೆ ಇದು ಅಸಲಿ. ಹಾಗಾದರೆ ನನ್ನದು? ಅವಳೆದುರೇ ನನ್ನ ವಾಚನ್ನೂ ಬಿಚ್ಚಿದೆ.

ಡಯಲ್‌ನ ಬೆನ್ನ ಮೇಲೆ ಪುಟ್ಟದೊಂದು ಮೀನು, ಪಕ್ಕದಲ್ಲಿ ಅಪ್ಪ ಸತ್ತ ಇಸವಿ. ಮೀನು ಗಾಸ್ತೋನನ ಗುರುತು.

ಕೋಟು ಕೂಡ ಹಾಕಿಕೊಳ್ಳದೆ ಬೀದಿ ದಾಟಿ ಅವನ ಅಡುಗೆಮನೆಗೆ ನುಗ್ಗಿದೆ. ಸಾಸೇಜ್ ಕತ್ತರಿಸುತ್ತಿದ್ದ. ಡಯಲನ್ನು ತಟ್ಟೆಯ ಪಕ್ಕ ಬೋರಲು ಇಟ್ಟೆ. ನೋಡಿದವನೇ ಚಾಕು ಕೆಳಗಿಟ್ಟ.

"ತೊಳೀತಿದ್ದಾಗ ಅಂಕಿಯೆಲ್ಲಾ ಎದ್ದುಬಂತು ಕಣೇ. ನೆನಪಲ್ಲಿದ್ದ ಹಾಗೆ ಬರೆದೆ."

"ಹೇಳೋಕೇನಾಗಿತ್ತು ರೋಗ?"

"ಅಪ್ಪನ್ನ ಹೂತು ಮೂರು ವಾರ ಆಗಿತ್ತು. ಯಾವ ಬಾಯಲ್ಲಿ ಹೇಳ್ಲಿ?"

"ಆಮೇಲೆ ಮೂವತ್ತು ವರ್ಷ ಇತ್ತಲ್ಲೋ! ನಿನ್ನ ಗೀಚು ತೋರ್ಸಿ ಇದೇ ನಿನ್ನಪ್ಪನ ಕೈಕೆಲಸ ಅಂತ ಕಲಿಸಿದ್ಯಲ್ಲ, ದ್ರೋಹಿ! ಇವತ್ತು ನನ್ನಪ್ಪನ ಅಸಲಿ ಕೆಲಸ ಮುಂದೆ ಬಂದ್ರೆ ನಕಲಿ ಅಂದ್ಬಿಟ್ಟೆ ನಾನು!"

"ನೀನು ದಿನಾ ಅದನ್ನ ಸವರಿ ಸವರಿ ನೋಡ್ತಿದ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ," ಎಂದ. ಅವನ ಮುಖ ನೋಡಲು ಹೇಸಿಗೆಯಾಯಿತು. ಡಯಲನ್ನು ಅವನ ಮೇಜಿನ ಮೇಲೆಯೇ ಬಿಟ್ಟು ಬಂದೆ.

ಅಂಗಡಿಯಲ್ಲಿ ಮದಾಮ್ ಕಾಲಾಮ್ ಕುಳಿತೇ ಇದ್ದಳು.

"ತಪ್ಪು ನಂದು. ನಿಮ್ದು ಅಸಲಿ," ಎಂದೆ.

"ನಾನು ಬಡ್ಕೊಂಡಿಲ್ವಾ? ಕೊಡಿಲ್ಲಿ," ಎಂದು ಕೈ ಚಾಚಿದಳು.

"ಒಂದು ಹತ್ತು ನಿಮಿಷ ಇರ್ಲಿ, ಮದಾಮ್. ಅದು ನನ್ನಪ್ಪನ ಕೈಕೆಲಸ. ನಾನು ಇನ್ನೂ ನೋಡೇ ಇಲ್ಲ."

ಅವಳು ಕೈ ಹಿಂದೆಗೆದುಕೊಂಡಳು. ನಾನು ಭೂತಗನ್ನಡಿ ಹಚ್ಚಿ ಬಗ್ಗಿದೆ. ಕಣ್ಣು ತುಂಬಿ ಆ ಬಾಲ ಕಾಣಲೇ ಇಲ್ಲ.