ಮರಿತಾಯಮ್ಮನ ಚಳಿ

ಹಿಮ ಕಂಡವರಿಗೆ ಮಾತ್ರ ಚಳಿಯ ಬಗ್ಗೆ ಮಾತಾಡುವ ಹಕ್ಕು ಎಂದು ಯಾವ ಪುಣ್ಯಾತ್ಮ ಬರೆದಿಟ್ಟನೋ, ಮರಿತಾಯಮ್ಮನಿಗಂತೂ ತಿಳಿಯದು. ಮಂಡ್ಯದ ಕಡೆಯ ಈ ಹೆಂಗಸು ಹಿಮ ಬೀಳದ, ಸಮುದ್ರ ಕೊಲ್ಲಿಯ ದಡದ ಊರು ಹೇವರ್ಡ್‌ಗೆ ಬಂದು ಎರಡು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮ ಜಯರಾಮ ಕಾಗದಪತ್ರ ಮಾಡಿಸಿ ಕರೆಸಿಕೊಂಡಿದ್ದ. ಅವನು ಕೊಲ್ಲಿಯಾಚೆಯ ಮೆನ್ಲೋ ಪಾರ್ಕಿನಲ್ಲಿ ಇಂಜಿನಿಯರು, ಓದಿದ್ದು ಹಿಮದ ಸೀಮೆ ಮಿನೆಸೋಟದಲ್ಲಿ. ಜನವರಿ ಬಂತೆಂದರೆ ಅಕ್ಕ ಮಫ್ಲರನ್ನು ತಲೆಗೆ ಸುತ್ತಿ, ಎರಡೂ ಕಿವಿ ಮುಚ್ಚಿ, ಗದ್ದದ ಕೆಳಗೆ ಗಂಟು ಬಿಗಿಯುವುದು ಅವನಿಗೆ ನಗೆಪಾಟಲು. ಮಿನೆಸೋಟದಲ್ಲಿ ಮೂಗಿನೊಳಗೆ ಸಿಂಬಳ ಹೆಪ್ಪುಗಟ್ಟುತ್ತಿತ್ತು, ಇದೂ ಒಂದು ಚಳಿಯೇ ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದ. ಚಳಿ ಹೊಗುವುದು ಕಿವಿಯಿಂದ, ಅಷ್ಟೂ ಗೊತ್ತಿಲ್ಲದವನು ಏನು ಓದಿದನೋ ಎಂದು ಅಕ್ಕ ಅನ್ನುತ್ತಿದ್ದಳು.

ಅವಳಿಗೆ ಒಣಹಣ್ಣು ಪ್ಯಾಕು ಮಾಡುವ ಗೋದಾಮಿನಲ್ಲಿ ಕೆಲಸ. ಒಣದ್ರಾಕ್ಷಿ, ಏಪ್ರಿಕಾಟುಗಳಲ್ಲಿ ಹಾಳಾದದ್ದನ್ನು ಆರಿಸಿ ತೆಗೆಯಬೇಕು. ಐವತ್ತೆರಡು ವರ್ಷದಲ್ಲಿ ಅವಳ ಹೆಸರು ಬರೆದ ಹಾಜರಿ ಕಾರ್ಡೊಂದು ಗೋಡೆಯ ಮೇಲಿದ್ದದ್ದು ಅಲ್ಲಿಯೇ ಮೊದಲು. ಬೆಳಿಗ್ಗೆ ಏಳಕ್ಕೆ ಅದನ್ನು ಗಡಿಯಾರದ ಪೆಟ್ಟಿಗೆಗೆ ತೂರಿಸಿ ಟಕ್ಕೆನ್ನಿಸುವಾಗ, ತಾನು ಯಾರ ಮನೆಯ ಮೂಲೆಯಲ್ಲೂ ಕೂತವಳಲ್ಲ ಎಂಬ ಸೊಕ್ಕು ಬರುತ್ತಿತ್ತು. ಆ ಸೊಕ್ಕನ್ನು ಅವಳು ಚೆನ್ನಾಗಿ ಅನುಭವಿಸುತ್ತಿದ್ದಳು.

ಗೋದಾಮಿನ ದೊಡ್ಡ ಶಟರು ಲಾರಿಗಳಿಗಾಗಿ ದಿನವಿಡೀ ತೆರೆದೇ ಇರುತ್ತಿತ್ತು. ಕೊಲ್ಲಿಯ ಮಂಜು ನೇರ ಅವಳ ಮೇಜಿಗೆ ಬರುತ್ತಿತ್ತು. ಕೆಳಗೆ ಸಿಮೆಂಟು ನೆಲ, ಹೀಟರು ಎಂಬುದಿಲ್ಲ. ಮೇಸ್ತ್ರಿ ಗ್ಯಾರಿಯೂ ಹಿಮದ ಸೀಮೆಯವನೇ, ಉತ್ತರ ಡಕೋಟದವನು. ಜನವರಿಯಲ್ಲೂ ಅರ್ಧ ತೋಳಿನ ಅಂಗಿ ತೊಟ್ಟು ಓಡಾಡುತ್ತಿದ್ದ. ಯಾರಾದರೂ ಕೈ ಉಜ್ಜಿಕೊಂಡರೆ, ನಮ್ಮೂರಿಗೆ ಬನ್ನಿ ತೋರಿಸುತ್ತೇನೆ ಎನ್ನುತ್ತಿದ್ದ.

ಎಂಬತ್ತೈದರ ಜನವರಿಯ ಒಂದು ಶುಕ್ರವಾರ ಗೋದಾಮು ನೋಡಲು ಮಾಲೀಕರು ಬರುವವರಿದ್ದರು. ಗ್ಯಾರಿ ಬೆಳಿಗ್ಗೆಯೇ ಬಂದು ಮರಿತಾಯಮ್ಮನ ಮಫ್ಲರಿನ ಕಡೆ ಬೆರಳು ತೋರಿಸಿದ. ಹೀಗೆ ಸುತ್ತಿಕೊಂಡು ನಿಂತರೆ ಇದೇನು ಮಂಜುಗಡ್ಡೆ ಕಾರ್ಖಾನೆಯೇ ಎಂದು ಮಾಲೀಕರು ಕೇಳುತ್ತಾರೆ, ಬಿಚ್ಚು, ಇಲ್ಲದಿದ್ದರೆ ಮನೆಗೆ ಹೋಗು, ಮತ್ತೆ ಬರಬೇಡ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಬುದ್ಧಿ ಎಲ್ಲ ದೇಶದಲ್ಲೂ ಒಂದೇ. ಮರಿತಾಯಮ್ಮ ಬಿಚ್ಚಲೂ ಇಲ್ಲ, ಹೋಗಲೂ ಇಲ್ಲ. ತಲೆ ಬಗ್ಗಿಸಿ ದ್ರಾಕ್ಷಿ ಆರಿಸುತ್ತಲೇ ಇದ್ದಳು. ಗ್ಯಾರಿ ಸೋತು ಜಯರಾಮನ ಆಫೀಸಿಗೆ ಫೋನು ಮಾಡಿದ.

ಜಯರಾಮ ಮೀಟಿಂಗು ಬಿಟ್ಟು, ಸೇತುವೆ ದಾಟಿ ಬಂದ. ಮುಖದಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಒಂದು ದಿನದ ಮಟ್ಟಿಗೆ ಬಿಚ್ಚಿಡು ಅಕ್ಕ, ಹಟ ಮಾಡಿದರೆ ಕೆಲಸ ಹೋಗುತ್ತೆ ಎಂದು ಬೇಡಿಕೊಂಡ. ಹೋದರೆ ಮತ್ತೆ ತಮ್ಮನ ಮನೆಯ ಮೂಲೆಯೇ ಗತಿ ಎಂದು ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಗಂಟಿನ ಕಡೆ ಹೋಗಲಿಲ್ಲ. ಅವನು ಗ್ಯಾರಿಯತ್ತ ತಿರುಗಿ ನಗುತ್ತ ಇಂಗ್ಲಿಷಿನಲ್ಲಿ ಏನೋ ಸಮಾಧಾನ ಹೇಳಿದ.

"ಓಲ್ಡು, ಸಿಕ್ಕು ಅಂದ್ಯಲ್ಲ, ನಂಗೆ ಗೊತ್ತಾಯ್ತದೆ ಕಣ್ಲಾ," ಎಂದಳು ಮರಿತಾಯಮ್ಮ. "ಮುದುಕಿ, ಸೀಕು ಅಂತ ಬಿಕ್ಷೆ ಕೇಳ್ಬ್ಯಾಡ. ನಾನ್ ಹೇಳಿದ್ದಷ್ಟೇ ಕೇಳು ಅವನ್ನ. ಅವ್ನ ಊರಲ್ಲಿ ಕೆಲ್ಸ ಮಾಡೋ ಜಾಗ್ದಲ್ಲಿ ಒಲೆನೋ ಹೀಟ್ರೋ ಏನಾರ ಇತ್ತಾ?"

ಜಯರಾಮ ಕೇಳಿದ. ಇಲ್ಲದೆ ಇರುತ್ತದೆಯೇ, ಒಳಗೆಲ್ಲ ಬೆಚ್ಚಗೆ, ಅಂಗಿ ತೋಳು ಮಡಿಸಿಕೊಂಡು ಕೆಲಸ ಮಾಡುತ್ತಿದ್ದೆವು ಎಂದು ಗ್ಯಾರಿ ಹೆಮ್ಮೆಯಿಂದಲೇ ಹೇಳಿದ.

"ಹಂಗಾರೆ ಅವನು ಚಳೀನ ಕಿಟಕೀಲಿ ನೋಡವ್ನೆ," ಎಂದಳು ಮರಿತಾಯಮ್ಮ. "ನೀನೂ ಅಷ್ಟೇ ಕಣ್ಲಾ ಜಯರಾಮ. ಬೆಚ್ಚಗಿನ ಮನೆ, ಬೆಚ್ಚಗಿನ ಕಾರು, ಬೆಚ್ಚಗಿನ ಕಾಲೇಜು. ನಾನು ದಿನಾ ಎಂಟು ಗಂಟೆ ಅದರೊಳಗೇ ನಿಂತಿವ್ನಿ. ಅವ್ನು ಅರ್ಧ ಗಂಟೆ ಇಲ್ಲಿ ನಿಂತು ದ್ರಾಕ್ಷಿ ಆರಿಸ್ಲಿ, ಆಮೇಲೆ ಚಳಿ ಇಲ್ಲ ಅನ್ಲಿ. ಹೇಳು ಇದ್ನ. ಒಂದಕ್ಸರ ಬಿಡ್ಬ್ಯಾಡ."

ಶಟರಿನಿಂದ ಬಂದ ಗಾಳಿ ಜಯರಾಮನ ಟೈಯನ್ನೂ ಅಲ್ಲಾಡಿಸಿತು. ದ್ರಾಕ್ಷಿಯ ಮೇಲಿದ್ದ ಅಕ್ಕನ ಬೆರಳುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಎರಡು ವರ್ಷದಲ್ಲಿ ಅವನು ಈ ಗೋದಾಮಿನ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಆಮೇಲೆ ಅವನು ಎಲ್ಲವನ್ನೂ ಹೇಳಿದ, ನಗದೆ, ನಯ ಹಚ್ಚದೆ. ಕಿಟಕಿಯ ಮಾತು ಬಂದಾಗ ದನಿ ಸ್ವಲ್ಪ ಏರಿತು. ಸುತ್ತಲಿನ ಹೆಂಗಸರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು.

ಗ್ಯಾರಿಯ ಕಿವಿ ಕೆಂಪಾಯಿತು. ಅವನು ಆ ಹೆಂಗಸರನ್ನು ನೋಡಿದ, ಅವರ ಬೆರಳುಗಳನ್ನೂ ನೋಡಿದ. ಹೋಗಿ ಶಟರಿನ ಸರಪಳಿ ಹಿಡಿದು ಮೊಣಕಾಲಿನ ಮಟ್ಟಕ್ಕೆ ಇಳಿಸಿದ. ಲಾರಿ ಬಂದಾಗ ಮಾತ್ರ ಎತ್ತಿದರಾಯಿತು ಎಂದು ತನ್ನಷ್ಟಕ್ಕೆ ಗೊಣಗಿದ. ಗೋಡೆಯಿಂದ ಅವಳ ಕಾರ್ಡು ತೆಗೆಸುವ ಮಾತು ಎತ್ತಲಿಲ್ಲ.

ಜಯರಾಮನಿಗೆ ಉಸಿರು ಬಂದಂತಾಯಿತು. "ಗಾಳಿ ನಿಂತ್ಹೋಯ್ತಲ್ಲ ಅಕ್ಕ," ಎಂದ ಮೆಲ್ಲಗೆ. "ಇನ್ನಾದ್ರೂ ಬಿಚ್ಚು."

ಮರಿತಾಯಮ್ಮ ಗದ್ದದ ಕೆಳಗಿನ ಗಂಟನ್ನು ಇನ್ನಷ್ಟು ಬಿಗಿದಳು.

"ಚಳಿ ಆಗೋದು ನಂಗೆ," ಎಂದಳು. "ಯಾವಾಗ ಹೋಯ್ತು ಅಂತ ನಾನೇ ಹೇಳ್ತೀನಿ."